ಹೆಸರು ಕೂಗಿಸದ ಮುಯ್ಯಿ

(ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 24:5, 6; ಯೋಹಾನ 2:1-11)



ಸುಗ್ಗಿಯು ಮುಗಿದು ಹೊಲಗಳು ಬರಿದಾದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಮದುವೆಯ ಕಾಲವು ಬರುವದು. ಹಂದರದಲ್ಲಿ ಬಂಧುಗಳು ಆಯೇರಿ ಮಾಡುವರು. ಒಬ್ಬನು ಪುಸ್ತಕ ಹಿಡಿದು ಕುಳಿತು, ಇಂಥವರದು ಇಷ್ಟು ಮುಯ್ಯಿ ಎಂದು ಬರೆದುಕೊಂಡು ಹೆಸರು ಹಿಡಿದು ಕೂಗುವನು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಹಿತ್ತಾಳೆಯ ಕೊಡ, ತಾಯಿಯು ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ, ಇವೆಲ್ಲ ಹೊಸ ಮನೆಗೆ ಬರುವವು. ಇದರಲ್ಲಿ ದೋಷವೇನೂ ಇಲ್ಲ. ನೆರೆಯವನ ಸಂತೋಷದಲ್ಲಿ ಪಾಲುಗೊಳ್ಳುವದು ಒಳ್ಳೆಯದೇ. ಆದರೆ ಹಂದರವನ್ನು ಬಿಚ್ಚಿದ ಮೇಲೆ ಆ ಉಡುಗೊರೆಗಳ ಗತಿ ಏನಾಗುವದೆಂಬದನ್ನು ಈ ಹೊತ್ತು ವಿಚಾರಿಸೋಣ.

ಎಷ್ಟೋ ಮನೆಗಳಲ್ಲಿ ಹೊಸ ಸೀರೆಯು ಟ್ರಂಕಿನ ತಳವನ್ನು ಸೇರುವದು. ಕೊಡವು ಹಲಗೆಯ ಮೇಲೆ ಬೋರಲಾಗಿ ಕೂಡುವದು. ಕೆಲವು ಮನೆಗಳಲ್ಲಿ ಮದುವೆಯ ಸಾಲಕ್ಕಾಗಿ ಸೊಸೆಯ ಬಂಗಾರವು ತಿಂಗಳೊಳಗೆ ಒತ್ತೆಗೆ ಹೋಗುವದು. ಮದುಮಗನು ಎಂಟೇ ದಿವಸಗಳಲ್ಲಿ ದುಡಿಮೆಗಾಗಿ ಪರಸ್ಥಳಕ್ಕೆ ಹೊರಡುವನು. ಮದುವೆಯೇನೋ ಆಯಿತು, ಸಂಸಾರವು ಮಾತ್ರ ಇನ್ನೂ ಆರಂಭವಾಗಲಿಲ್ಲ.

ದೇವರು ಮೋಶೆಯ ಮೂಲಕ ಕೊಟ್ಟ ನೇಮವನ್ನು ನೋಡಿರಿ. ಹೊಸದಾಗಿ ಮದುವೆಯಾದವನನ್ನು ದಂಡಿಗೆ ಕರೆಯಕೂಡದು, ಅವನ ಮೇಲೆ ಯಾವ ಸರಕಾರಿ ಭಾರವನ್ನೂ ಹೊರಿಸಕೂಡದು. ಅವನು ಒಂದು ವರುಷ ಮನೆಯಲ್ಲಿ ಬಿಡುವಾಗಿದ್ದು ತನ್ನ ಹೆಂಡತಿಯನ್ನು ಸಂತೋಷಪಡಿಸಬೇಕು. ಹೆಂಡತಿಯು ಗಂಡನನ್ನು ಮೆಚ್ಚಿಸಲಿ ಎಂದು ಅಲ್ಲಿ ಹೇಳಿಲ್ಲ. ಗಂಡನೇ ಹೆಂಡತಿಯನ್ನು ಹರ್ಷಪಡಿಸಲಿ ಎಂದಿದೆ. ರಾಜ್ಯಕ್ಕೆ ಯುದ್ಧವಿದ್ದರೂ ಆ ಒಂದು ವರುಷವು ಮನೆಗೆ ಸೇರಿದ್ದು. ಹೀಗಿರಲಾಗಿ ನವದಂಪತಿಗಳ ಸಂತೋಷವು ಹುಡುಗಾಟಿಕೆಯಲ್ಲ, ಅದು ದೇವರ ಮುಂದೆ ಸಲ್ಲಿಸತಕ್ಕ ಕರ್ತವ್ಯವು.

ಇದರ ಮರುವಚನವೇನು? ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು. ಯಾಕಂದರೆ ಅದು ಜೀವವನ್ನೇ ಒತ್ತೆ ಹಿಡಿದಂತೆ. ಜೋಳ ಬೀಸಿ ರೊಟ್ಟಿ ಬಡಿದ ನಮ್ಮ ಅಜ್ಜಿಯಂದಿರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿದ್ದಿಲ್ಲ. ಹೊಸ ಮನೆಯ ಹರ್ಷವನ್ನು ಹೇಳಿದ ಕೂಡಲೆ ದೇವರ ವಾಕ್ಯವು ಒತ್ತೆಯ ಮಾತನ್ನು ಎತ್ತಿತು. ಸಾಲವು ಹೊಸ್ತಿಲು ದಾಟಿದರೆ ಮೊದಲು ಹೊರಟುಹೋಗುವದು ಆ ಹರ್ಷವೇ.

ಇನ್ನು ಕಾನಾ ಊರಿನ ಮದುವೆಗೆ ಹೋಗೋಣ. ದ್ರಾಕ್ಷಾರಸವು ಸಾಲದೆ ಹೋಗಿ ಮನೆಯವರ ಮಾನವು ಹೋಗುವದರಲ್ಲಿತ್ತು. ಅಲ್ಲಿ ಆರು ಕಲ್ಲಿನ ಬಾನಿಗಳಿದ್ದವು. ಈಗಿನ ಲೆಕ್ಕದಲ್ಲಿ ಒಂದೊಂದಕ್ಕೆ ಸುಮಾರು 80 ರಿಂದ 120 ಲೀಟರು ನೀರು ಹಿಡಿಯುವದು. ಕರ್ತನು ಅವುಗಳನ್ನು ಕಂಠದ ವರೆಗೆ ತುಂಬಿಸಿ ಆ ನೀರನ್ನೇ ಉತ್ತಮವಾದ ರಸವನ್ನಾಗಿ ಮಾಡಿದನು. ಅಷ್ಟು ದೊಡ್ಡ ಮುಯ್ಯಿಯನ್ನು ಆ ಹಂದರದಲ್ಲಿ ಬೇರೆ ಯಾರೂ ಮಾಡಿದ್ದಿಲ್ಲ. ಆದರೂ ಆತನ ಹೆಸರನ್ನು ಯಾರೂ ಕೂಗಲಿಲ್ಲ. ಅದು ಎಲ್ಲಿಂದ ಬಂತೆಂಬದು ಔತಣದ ಪಾರುಪತ್ಯಗಾರನಿಗೆ ಸಹ ತಿಳಿಯಲಿಲ್ಲ. ನೀರು ತೋಡಿದ ಆಳುಗಳಿಗೆ ಮಾತ್ರ ತಿಳಿದಿತ್ತು. ಮುಯ್ಯಿಗೆ ಮುಯ್ಯಿ ತೀರಿಸಬೇಕೆಂಬದು ಲೋಕದ ರೂಢಿ. ಕರ್ತನ ಮುಯ್ಯಿಯನ್ನು ತೀರಿಸಲಿಕ್ಕಾಗದು. ಕುಡಿದು ಸಂತೋಷಪಡುವದೇ ಅದಕ್ಕೆ ತಕ್ಕ ಉತ್ತರವು.

ಹಾಗಾದರೆ ಪಟ್ಟಿಯೇ ಬೇಡವೋ? ಒಂದು ಪಟ್ಟಿಯು ಬೇಕು. ಕೇಳಿ, ಕಾಡಿ ಪಡೆದದ್ದು ಉಡುಗೊರೆಯಲ್ಲ. ವರದಕ್ಷಿಣೆಯನ್ನು ಕೊಡುವದೂ ಕೊಳ್ಳುವದೂ 1961ರ ಕಾಯಿದೆಯ ಪ್ರಕಾರ ಅಪರಾಧವು. ಮನಸ್ಸಿನಿಂದ ಕೊಟ್ಟ ಕಾಣಿಕೆಗಳನ್ನಾದರೋ ಬರೆದಿಡಬೇಕೆಂದೂ, ವಧೂವರರಿಬ್ಬರೂ ಆ ಪಟ್ಟಿಗೆ ಸಹಿ ಹಾಕಬೇಕೆಂದೂ 1985ರ ನಿಯಮಗಳು ಹೇಳುತ್ತವೆ. ಇದು ಹಂದರದಲ್ಲಿ ಕೂಗುವ ಪಟ್ಟಿಯಲ್ಲ. ಸೊಸೆಯ ಸೊತ್ತು ಸೊಸೆಯದಾಗಿಯೇ ಉಳಿಯಲೆಂದು ಕಾಯುವ ಪಟ್ಟಿಯು.

ಆದಕಾರಣ, ಅತ್ತೆಯವರೇ, ಸೊಸೆಯ ಟ್ರಂಕಿನ ಕೀಲಿಯು ಅವಳ ಕೈಯಲ್ಲಿಯೇ ಇರಲಿ. ತಮ್ಮಾ, ಹೊಟ್ಟೆಪಾಡಿಗಾಗಿ ಹೊರಗೆ ಹೋಗಲೇಬೇಕಾದರೆ ಹೋಗು. ಆದರೆ ಮನೆಯಲ್ಲಿರುವಷ್ಟು ದಿವಸ ಸಂಜೆಯ ಹೊತ್ತನ್ನು ಕಟ್ಟೆಯ ಮೇಲಿನ ಗೆಳೆಯರಿಗೆ ಕೊಡಬೇಡ, ನಿನ್ನವಳಿಗೆ ಕೊಡು. ಮಗಳೇ, ಆ ಸೀರೆಯನ್ನು ಉಡು. ಟ್ರಂಕಿನಲ್ಲಿ ಮಡಿಕೆಯ ಮೇಲೆ ಹರಿಯುವದಕ್ಕಿಂತ ಮೈಮೇಲೆ ಸವೆಯುವದು ಲೇಸು. ಹೊಸ ಕೊಡದಲ್ಲಿ ನೀರು ತುಂಬು. ಬಾಯಾರಿ ಬಾಗಿಲಿಗೆ ಬಂದವರಿಗೆ ಅದರಿಂದಲೇ ಕೊಡು. ತಾಯಿಯ ಕೌದಿಯನ್ನು ಹಾಸಿರಿ. ರಾತ್ರಿ ಇಬ್ಬರೂ ಅದರ ಮೇಲೆ ಮೊಣಕಾಲೂರಿ, ಕೊಟ್ಟವರ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ನೆನೆಯಿರಿ. ಹೆಸರು ಕೂಗಲಿಕ್ಕೆ ತಕ್ಕ ಸ್ಥಳವು ಅದೇ.

ಕಾನಾ ಊರಿನ ಮನೆಗೆ ಅತಿಥಿಯಾಗಿ ಬಂದಾತನು ನಿಮ್ಮ ಮನೆಯಲ್ಲಿಯೂ ಇಳಿದುಕೊಂಡು, ನಿಮ್ಮ ಬಾನಿಗಳನ್ನು ಕಂಠದ ವರೆಗೆ ತುಂಬಿಸಲಿ. ಆಮೆನ್.