ಮೊಳಕೆಗೆ ಕರ್ತೃ ಉಂಟೆ?

ಈಶ್ವರನಿದ್ದಾನೆಂದು ಸಾಧಿಸಲು ನ್ಯಾಯದರ್ಶನದವರು ಹೂಡಿದ ವಾದಗಳಲ್ಲಿ ಹೆಸರಾದ ಒಂದು, ನೆಲ ಮತ್ತು ಮೊಳಕೆಯನ್ನು ಮುಂದಿಟ್ಟುಕೊಂಡು ಹೊರಡುತ್ತದೆ. ಮಡಕೆ ಒಂದು ಕಾರ್ಯ. ಅದಕ್ಕೆ ಕುಂಬಾರನೆಂಬ ಕರ್ತೃವಿದ್ದಾನೆ. ನೆಲ, ಮೊಳಕೆ ಮೊದಲಾದವೂ ಕಾರ್ಯಗಳೇ. ಆದ್ದರಿಂದ ಅವಕ್ಕೂ ಕರ್ತೃ ಇರಲೇಬೇಕು. ಈ ಪರಂಪರೆಯ ದೊಡ್ಡ ಹೆಸರು 10ನೇ ಶತಮಾನದ ಉದಯನಾಚಾರ್ಯರದು. ಅವರ ‘ನ್ಯಾಯಕುಸುಮಾಂಜಲಿ’ ಈಶ್ವರಸಿದ್ಧಿಗೆಂದೇ ಮೀಸಲಾದ ಗ್ರಂಥ. ಕರ್ತೃ ಎಂದರೆ ಯಾರೆಂಬುದನ್ನೂ ನೈಯಾಯಿಕರು ಖಚಿತವಾಗಿ ಹೇಳಿದರು: ಬಳಸುವ ದ್ರವ್ಯದ ನೇರ ಅರಿವು, ಮಾಡಬೇಕೆಂಬ ಇಚ್ಛೆ, ಅದಕ್ಕೆ ತಕ್ಕ ಪ್ರಯತ್ನ, ಈ ಮೂರೂ ಇದ್ದವನು. ಎದುರಾಳಿಗಳು ವಾದ ಮುರಿಯಲು ಎತ್ತಿಕೊಂಡದ್ದೂ ಅದೇ ಮೊಳಕೆಯನ್ನು. ಯಾರೂ ಉಳದ, ಬಿತ್ತದ ನೆಲದಲ್ಲಿ ಹುಲ್ಲು ಹುಟ್ಟುತ್ತದೆ. ಅಲ್ಲಿ ಕರ್ತೃ ಎಲ್ಲಿ ಕಂಡ? ಕನ್ನಡ ನಾಡಿನಲ್ಲಿ ಈ ಪಕ್ಷದ ಗಟ್ಟಿ ದನಿ ಜೈನರದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನರು ತಮ್ಮ ಸಂಸ್ಕೃತ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಒಂದಾದ ಮೇಲೊಂದು ಪ್ರಶ್ನೆ ಹಾಕಿ ಅಲ್ಲಗಳೆದಿದ್ದಾರೆ.

ಆ ವಾದ ನಡೆದ ಕಾಲದಲ್ಲಿ ಮೊಳಕೆಯ ಒಳಗೆ ನಡೆಯುವುದನ್ನು ನೋಡುವ ಉಪಾಯವಿರಲಿಲ್ಲ. ಈಗ ಇದೆ. ಮೊಳಕೆ ಬೆಳೆಯುವುದು ಬೇರು ಮತ್ತು ಕುಡಿಯ ತುದಿಗಳಲ್ಲಿ ಕೋಶಗಳು ಒಡೆದು ಎರಡಾಗುತ್ತ ಹೋಗುವುದರಿಂದ. ಕಾಲೇಜಿನ ಪ್ರಯೋಗಾಲಯದಲ್ಲಿ ಈರುಳ್ಳಿಯ ಬೇರಿನ ತುದಿಗೆ ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಒತ್ತಿ ನೋಡಿದರೆ 16 ವರ್ಣತಂತುಗಳು ಕೆಂಪಾಗಿ ಕಾಣುತ್ತವೆ. ರಾಗಿಯಲ್ಲಿ ಅವು 36. ಇವನ್ನು ಎರಡು ಸಮಪಾಲು ಮಾಡುವ ಸೂಕ್ಷ್ಮನಾಳಿಕೆಗಳು ಮಾತ್ರ ಆ ಬಣ್ಣಕ್ಕೆ ಸಿಕ್ಕುವುದಿಲ್ಲ. ಅವುಗಳ ಅಡ್ಡಗಲ ಸುಮಾರು 25 ನ್ಯಾನೊಮೀಟರ್. ಲೆಡ್‌ಬೆಟರ್ ಮತ್ತು ಪೋರ್ಟರ್ ಸಸ್ಯಕೋಶದಲ್ಲಿ ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ವಿವರಿಸಿದ್ದು 1963ರಲ್ಲಿ.

ಸೂಕ್ಷ್ಮನಾಳಿಕೆ ಎಂಬುದು ಟ್ಯೂಬುಲಿನ್ ಪ್ರೋಟೀನಿನ ಜೋಡಿ ಕಣಗಳು ಸಾಲಾಗಿ ಸೇರಿ ಆದ ಟೊಳ್ಳು ಕೊಳವೆ. ಸಾಮಾನ್ಯವಾಗಿ 13 ಸಾಲುಗಳಿರುತ್ತವೆ. ಅದರ ತುದಿ ಬೆಳೆಯುತ್ತಿದ್ದ ಹಾಗೆಯೇ ಥಟ್ಟನೆ ಕುಸಿಯುತ್ತದೆ, ಮತ್ತೆ ಬೆಳೆಯುತ್ತದೆ. ಮಿಚಿಸನ್ ಮತ್ತು ಕರ್ಷ್ನರ್ 1984ರಲ್ಲಿ ಇದನ್ನು ತೋರಿಸಿಕೊಟ್ಟರು. ಈ ಏಳುಬೀಳು ದೋಷವಲ್ಲ. ನಾಳಿಕೆಗಳು ಕೋಶದೊಳಗೆ ತಡಕಾಡುವುದು, ಹಿಡಿತ ಸಿಕ್ಕಲ್ಲಿ ನಿಲ್ಲುವುದು, ಸಿಗದಲ್ಲಿ ಕರಗುವುದು ಇದರಿಂದಲೇ.

ವಿಭಜನೆಯ ವೇಳೆ ವರ್ಣತಂತುಗಳನ್ನು ಬೇರ್ಪಡಿಸಲು ಸೂಕ್ಷ್ಮನಾಳಿಕೆಗಳು ಕದಿರಿನಾಕಾರದ ಕಟ್ಟಾಗಿ ಸೇರುತ್ತವೆ. ಪ್ರಾಣಿಕೋಶದಲ್ಲಿ ಈ ಕದಿರಿನ ಎರಡು ತುದಿಗಳಲ್ಲಿ ಸೆಂಟ್ರೋಸೋಮ್ ಎಂಬ ಕಾಯಗಳಿವೆ. ಬಹುಕಾಲ ಅವನ್ನೇ ವಿಭಜನೆಯ ಯಜಮಾನರೆಂದು ತಿಳಿಯಲಾಗಿತ್ತು. ಹೂಬಿಡುವ ಸಸ್ಯಗಳಲ್ಲಿ ಅವು ಇಲ್ಲವೇ ಇಲ್ಲ. ಆದರೂ ಕದಿರು ಕಟ್ಟಿಕೊಳ್ಳುತ್ತದೆ: ಗಾಮಾ ಟ್ಯೂಬುಲಿನ್ ಉಂಗುರಗಳು ಕೋಶಕೇಂದ್ರದ ಹೊದಿಕೆಯ ಮೇಲೆ ಹೊಸ ನಾಳಿಕೆಗಳನ್ನು ಮೊಳೆಸುತ್ತವೆ, ಇದ್ದ ನಾಳಿಕೆಯ ಪಕ್ಕಕ್ಕೆ ಆಗ್ಮಿನ್ ಎಂಬ ಪ್ರೋಟೀನ್ ಕೂಟ ಮತ್ತಷ್ಟು ಉಂಗುರಗಳನ್ನು ತಂದು ಕವಲೊಡೆಸುತ್ತದೆ, ಮೋಟಾರ್ ಪ್ರೋಟೀನುಗಳು ಅವನ್ನು ಎಳೆದು ಕಂತೆ ಕಟ್ಟುತ್ತವೆ. ಪ್ರಾಣಿಕೋಶದಲ್ಲೂ ಸೆಂಟ್ರೋಸೋಮನ್ನು ಲೇಸರ್‌ನಿಂದ ಸುಟ್ಟರೂ ಕದಿರು ಮೂಡುತ್ತದೆಂದು 2000ದಲ್ಲಿ ತಿಳಿದುಬಂತು.

ಇದಕ್ಕಿಂತ ಬೆರಗಿನ ಸಂಗತಿ ಗೋಡೆಯದು. ಸಸ್ಯಕೋಶಗಳು ಅಲುಗಾಡಲಾರವು, ಹೊಸ ಗೋಡೆ ತಪ್ಪು ಕಡೆ ಎದ್ದರೆ ತಿದ್ದಿಕೊಳ್ಳಲು ದಾರಿಯಿಲ್ಲ. ವಿಭಜನೆಗೆ ಮುಂಚೆ, ಗೋಡೆ ಎಲ್ಲಿ ಬರಬೇಕೋ ಅಲ್ಲಿಯೇ ಸೂಕ್ಷ್ಮನಾಳಿಕೆಗಳ ಪಟ್ಟಿಯೊಂದು ಕೋಶವನ್ನು ಒಳಗಿನಿಂದ ಸುತ್ತುತ್ತದೆ. ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ 1966ರಲ್ಲಿ ಗೋಧಿಯ ಕೋಶಗಳಲ್ಲಿ ಇದನ್ನು ಗುರುತಿಸಿದರು. ಕೋಶಕೇಂದ್ರದ ಹೊದಿಕೆ ಕಳಚುವ ವೇಳೆಗೆ ಪಟ್ಟಿ ಮಾಯವಾಗಿರುತ್ತದೆ. ವರ್ಣತಂತುಗಳು ಬೇರ್ಪಟ್ಟ ಮೇಲೆ ನಡುವೆ ಫ್ರಾಗ್ಮೋಪ್ಲಾಸ್ಟ್ ಎಂಬ ಇನ್ನೊಂದು ನಾಳಿಕೆಗಳ ಕಂತೆ ಮೂಡುತ್ತದೆ. ಗಾಲ್ಗಿ ಎಂಬ ಕೋಶಾಂಗದಿಂದ ಹೊರಟ ಕಿರುಚೀಲಗಳು ಅದರ ಮೇಲೆ ಸಾಗಿ ನಟ್ಟನಡುವೆ ಬೆರೆತು ಕೋಶಫಲಕವಾಗುತ್ತವೆ. ಫಲಕ ಅಂಚಿನತ್ತ ಹರಡುತ್ತ, ಆ ಪಟ್ಟಿ ಇದ್ದ ಗೆರೆಗೇ ಹೋಗಿ ಸೇರುತ್ತದೆ. ಪಟ್ಟಿ ಅಳಿದರೂ ಟ್ಯಾಂಗಲ್ಡ್‌ನಂಥ ಪ್ರೋಟೀನುಗಳು ಆ ಜಾಗದಲ್ಲಿ ಗುರುತಾಗಿ ಉಳಿದಿರುತ್ತವೆ. ಅಂದರೆ ನಕ್ಷೆ ಕಾಣುತ್ತದೆ, ನಕ್ಷೆ ಹಿಡಿದವನು ಕಾಣುವುದಿಲ್ಲ. 2017ರಲ್ಲಿ ಆ ಪಟ್ಟಿಯೇ ಮೂಡದ ಅರಾಬಿಡಾಪ್ಸಿಸ್ ಗಿಡಗಳನ್ನು ಪರೀಕ್ಷಿಸಿದಾಗ, ಗೋಡೆಗಳು ಬಹುಪಾಲು ಸರಿಯಾದ ದಿಕ್ಕಿನಲ್ಲೇ ಎದ್ದಿದ್ದವು. ನಿಖರತೆ ಮಾತ್ರ ಸಡಿಲಿತ್ತು. ಆ ನಕ್ಷೆಯೂ ಆಜ್ಞೆಯಲ್ಲ, ಹಲವು ಆಸರೆಗಳಲ್ಲಿ ಒಂದು.

ಇಲ್ಲಿ ನೈಯಾಯಿಕರ ಮೂರು ಲಕ್ಷಣಗಳನ್ನು ಹಚ್ಚಿ ನೋಡಿದರೆ ಅರಿವು, ಇಚ್ಛೆ, ಪ್ರಯತ್ನ ಮೂರೂ ಟ್ಯೂಬುಲಿನ್‌ಗೆ ಸಲ್ಲುವುದಿಲ್ಲ. ಸಾಂಖ್ಯದರ್ಶನದವರ ಮಾತು ಹೆಚ್ಚು ಹೊಂದುತ್ತದೆ: ಅರಿವಿಲ್ಲದ ಹಾಲು ಕರುವಿಗಾಗಿ ಸುರಿಯುವಂತೆ ಅಚೇತನ ಪ್ರಕೃತಿಯೂ ಪ್ರವರ್ತಿಸುತ್ತದೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಇದಕ್ಕೆ ಉತ್ತರ ಕೊಟ್ಟರು: ಹಾಲಿನ ಹಿಂದೆ ಕರುವಿನ ಮೇಲೆ ಮಮತೆಯುಳ್ಳ ಹಸುವಿದೆ. ಆ ಉತ್ತರ ಹಸುವಿನ ಮಟ್ಟಿಗೆ ಸರಿ. ಬೇರಿನ ತುದಿಯಲ್ಲಿ ಮಮತೆ ತೋರುವ ಹಸುವಿಲ್ಲ. ನೈಯಾಯಿಕರು ಒಂದು ಮೆಟ್ಟಿಲು ಮೇಲೇರಿ, ಟ್ಯೂಬುಲಿನ್‌ಗೆ ಆ ಸ್ವಭಾವ ಕೊಟ್ಟವರು ಯಾರೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರೋಟೀನಿಗೂ ಚರಿತ್ರೆಯಿದೆ. ಅದರ ದಾಯಾದಿ ಎಫ್‌ಟಿಎಸ್‌ಝೆಡ್ ಬ್ಯಾಕ್ಟೀರಿಯಾಗಳ ವಿಭಜನೆಯಲ್ಲಿ ದುಡಿಯುತ್ತದೆ. ಕೊನೆಗೆ ಭೌತ ನಿಯಮಗಳನ್ನೇ ಹಿಡಿದರೆ, ಅವು ಮಡಕೆಯಂತೆ ಒಂದು ಕಾಲದಲ್ಲಿ ಹುಟ್ಟಿದ ಕಾರ್ಯಗಳೆಂದು ಮೊದಲು ತೋರಿಸಬೇಕಾಗುತ್ತದೆ. ಕುಂಬಾರನ ದೃಷ್ಟಾಂತ ಅಲ್ಲಿಯವರೆಗೆ ಎಟುಕುವುದಿಲ್ಲ.

ಹಾಗಾದರೆ ಆಸ್ತಿಕತೆಗೆ ಇದರಿಂದ ಪೆಟ್ಟು ಬಿದ್ದಿತೆ? ಕರ್ನಾಟಕದಲ್ಲಿ ಬೇರುಬಿಟ್ಟ ವೈಷ್ಣವ ಮತಗಳ ಮಟ್ಟಿಗೆ ಇಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ‘ಶ್ರೀಭಾಷ್ಯ’ದಲ್ಲಿ ಕಾರ್ಯದಿಂದ ಕರ್ತೃವನ್ನು ಊಹಿಸುವ ನೈಯಾಯಿಕರ ಈ ಅನುಮಾನವನ್ನು ತಾವೇ ಬಿಡಿಸಿ ಖಂಡಿಸಿದರು: ಜಗತ್ತೆಲ್ಲ ಒಂದೇ ಬಾರಿಗೆ, ಒಬ್ಬನಿಂದಲೇ ಆಯಿತೆಂಬುದಕ್ಕೆ ಆಧಾರವಿಲ್ಲ. ಉಡುಪಿಯ ಮಧ್ವರಿಗೂ ಈಶ್ವರ ಶಾಸ್ತ್ರವೇದ್ಯನೇ ಹೊರತು ಬರಿಯ ತರ್ಕಕ್ಕೆ ಸಿಕ್ಕುವವನಲ್ಲ. ಭಕ್ತರು ದೇವರನ್ನು ಕಾಣುವ ಬಗೆಗೆ ಒಂದು ನಿದರ್ಶನ: ಬೆಂಗಳೂರು–ತುಮಕೂರು ರಸ್ತೆಯ ಅರಿಶಿನಕುಂಟೆಯಲ್ಲಿ, ಭದ್ರಗಿರಿ ಕೇಶವದಾಸರು ಸ್ಥಾಪಿಸಿದ ವಿಶ್ವಶಾಂತಿ ಆಶ್ರಮದಲ್ಲಿ, ವಿಶ್ವರೂಪ ವಿಜಯವಿಠಲನ ಬೃಹತ್ ವಿಗ್ರಹ ನಿಂತಿದೆ. ಆ ರೂಪ ಗೀತೆಯ 11ನೇ ಅಧ್ಯಾಯದ್ದು. ಅಲ್ಲಿ ದೇವರು ಜಗತ್ತನ್ನು ಹೊರಗೆ ನಿಂತು ತಿದ್ದುವ ಕುಂಬಾರನಲ್ಲ; ಜಗತ್ತೆಲ್ಲ ಅವನ ಮೈಯಲ್ಲೇ ಇದೆ. 9ನೇ ಅಧ್ಯಾಯವೂ ಚರಾಚರಗಳನ್ನು ಹೆರುವ ಕೆಲಸವನ್ನು ಪ್ರಕೃತಿಗೇ ಒಪ್ಪಿಸಿ, ದೇವರನ್ನು ಅಧ್ಯಕ್ಷಸ್ಥಾನದಲ್ಲಿ ಇರಿಸುತ್ತದೆ. ಇಂಥ ಅಧ್ಯಕ್ಷತೆ ಆಗ್ಮಿನ್ ಮಾಡುವ ಕೆಲಸಕ್ಕೆ ಪೈಪೋಟಿಯಲ್ಲ. ಕದಿರಿನಲ್ಲಿ ವಿವರಣೆ ಸಿಗದ ಸಂದು ಹುಡುಕಿ ಅಲ್ಲಿ ದೇವರನ್ನು ಕೂರಿಸುವ ಅಗತ್ಯ ಇಂಥ ದೇವರನ್ನು ನಂಬುವ ಭಕ್ತನಿಗೆ ಇಲ್ಲ. ಆ ಅಗತ್ಯವಿರುವುದು ಮೊಳಕೆಯನ್ನು ಸಾಕ್ಷಿಗೆ ಕರೆದವರಿಗೆ ಮಾತ್ರ.