ಮಂಗಟ್ಟೆಯ ಸಂಸಾರ

ನಮ್ಮ ಮಲೆನಾಡಿನ ಮಂಗಟ್ಟೆ ಹಕ್ಕಿಯ ಸಂಸಾರದ ಸುದ್ದಿ ಹೇಳಿದರೆ ಶಿವಮೊಗ್ಗದ ಯಾವ ಮನೆಯ ಜಗಲಿಯಲ್ಲೂ ನಗು ಏಳುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಸೇರಿ, ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ವಾರಗಟ್ಟಲೆ ಹಣ್ಣು ತಂದು ಉಣಿಸುತ್ತದೆ. "ನಮ್ಮನೆಯವರಿಗೂ ಸ್ವಲ್ಪ ಹೇಳಿ ಮಾರಾಯ್ರೆ" ಎಂದು ಹೆಂಗಸರು ನಗುತ್ತಾರೆ. "ನೋಡಿ, ಹೆಣ್ಣು ಹೇಗೆ ಮನೆಯೊಳಗೇ ಇರುತ್ತೆ" ಎಂದು ಗಂಡಸರು ನಗುತ್ತಾರೆ. ಹಕ್ಕಿ ಒಂದೇ, ನ್ಯಾಯ ಎರಡು.

ನಗುವುದು ತಪ್ಪೇ? ಖಂಡಿತ ಅಲ್ಲ. ನಗೆಯ ಬೆನ್ನಿಗೇ ಬರುವ ಬುದ್ಧಿಮಾತಿನ ಬಗ್ಗೆ ಮಾತ್ರ ಎಚ್ಚರ ಬೇಕು. ಆಗುಂಬೆ ಕಾಡಿನ ಕಾಳಿಂಗ ಸರ್ಪವನ್ನೇ ತೆಗೆದುಕೊಳ್ಳಿ. ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಅದು. ವಾರಗಟ್ಟಲೆ ಕಾವಲಿದ್ದ ತಾಯಿ, ಸಾಮಾನ್ಯವಾಗಿ ಮರಿ ಹೊರಬರುವ ಮುಂಚೆಯೇ ಹೊರಟುಬಿಡುತ್ತದೆ. ಅದನ್ನು ಮಹಾತಾಯಿ ಎನ್ನೋಣವೇ, ಕಲ್ಲೆದೆಯವಳು ಎನ್ನೋಣವೇ? ಹಾವಿಗೆ ಎರಡೂ ಸಲ್ಲದು ಎಂದು ಎಲ್ಲರೂ ಒಪ್ಪುತ್ತಾರೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುವ ಹೆಂಗಸಿಗೆ ಮಾತ್ರ ಈ ಬಿರುದುಗಳು ಎಷ್ಟು ಬೇಗ ಸಿಗುತ್ತವೆ!

ಕಾಡಿನ ಸೋಜಿಗಕ್ಕೆ ಮನಸಾರೆ ನಗೋಣ. ಮನೆಯ ಹೊರೆಯನ್ನು ಯಾರು ಎಷ್ಟು ಹೊರಬೇಕೆಂಬ ಮಾತು ಬಂದಾಗ ಹಕ್ಕಿಯನ್ನು ಸಾಕ್ಷಿಗೆ ಕರೆಯದೆ, ಗಂಡ ಹೆಂಡತಿ ಎದುರುಬದುರು ಕೂತು ಮಾತಾಡೋಣ.