ಬೀಜ ಬದಲಿಸುವ ಮುನ್ನ

2000ದ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ನೆಲಗಡಲೆ ಹೊಲಗಳು ಕೆಲವೇ ವಾರಗಳಲ್ಲಿ ಒಣಗಿಹೋದವು. ರೋಗ ತಗಲಿದ್ದು ಸುಮಾರು 2,25,000 ಹೆಕ್ಟೇರಿಗೆ; ನಷ್ಟದ ಅಂದಾಜು 300 ಕೋಟಿ ರೂಪಾಯಿ. ನಮ್ಮಂತೆಯೇ ಗಡಿಯಾಚೆಗೆ ಉಳಿದ ರಾಯದುರ್ಗ, ಮಡಕಶಿರಾಗಳ ಕನ್ನಡಿಗರು ಬಾಳುವ ಸೀಮೆಯದು. ಟೊಬ್ಯಾಕೊ ಸ್ಟ್ರೀಕ್ ಎಂಬ ವೈರಸ್ ಇದಕ್ಕೆ ಕಾರಣ. ಬದುವಿನ ಕಾಂಗ್ರೆಸ್ ಗಿಡದಲ್ಲಿ ಅದು ಯಾವ ಲಕ್ಷಣವನ್ನೂ ತೋರದೆ ಅಡಗಿರುತ್ತದೆ. ಆ ಗಿಡದ ಪರಾಗ ಹಾರಿಬಂದು ನೆಲಗಡಲೆಯ ಎಲೆಯ ಮೇಲೆ ಕೂರುತ್ತದೆ. ಥ್ರಿಪ್ಸ್ ಎಂಬ ನುಸಿ ಎಲೆಯನ್ನು ಕೆರೆದ ಗಾಯದಿಂದ ವೈರಸ್ ಒಳಹೊಗುತ್ತದೆ. ಹಿಡಿದ ಮೇಲೆ ಮದ್ದಿಲ್ಲ.

ವೈರಸ್ಸಿನ ಹೊರಕವಚದ ವಂಶವಾಹಿಯನ್ನೇ ಸಸ್ಯದೊಳಗೆ ಸೇರಿಸಿದರೆ ಅದು ರೋಗವನ್ನು ತಡೆದುಕೊಳ್ಳುತ್ತದೆಂದು 1986ರಲ್ಲಿ ರೋಜರ್ ಬೀಚಿ ಮತ್ತು ಸಂಗಡಿಗರು ತಂಬಾಕಿನಲ್ಲಿ ತೋರಿಸಿಕೊಟ್ಟರು. ನೆಲಗಡಲೆಯ ಮೇಲೂ ಇಂಥ ಪ್ರಯೋಗಗಳು ನಡೆದಿವೆ. ಆದರೆ ವೈರಸ್ ತಡೆಯುವ ಕುಲಾಂತರಿ ನೆಲಗಡಲೆ ನಮ್ಮ ರೈತನ ಹೊಲಕ್ಕೆ ಇನ್ನೂ ಬಂದಿಲ್ಲ. ಬರಬೇಕೆ ಎಂಬುದೇ ಜಿಜ್ಞಾಸೆ.

ಪ್ರಕೃತಿಗೆ ಕೈಹಾಕುವುದೇ ಪಾಪವೆಂಬ ವಾದ ನಿಲ್ಲಲಾರದು. ನೆಲಗಡಲೆ ದಕ್ಷಿಣ ಅಮೆರಿಕದಿಂದ ಬಂದದ್ದು. ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ್ದನ್ನು ಮನುಷ್ಯ ಸಾವಿರಾರು ವರ್ಷ ಆಯ್ದು ಆಯ್ದು ಬೆಳೆಸಿದ. ಬೇಡವೆನ್ನುವುದಕ್ಕೂ ಬೆಲೆಯಿದೆ. ಅದನ್ನು ತೆರುವವರು ಎಣ್ಣೆ ಕೊಳ್ಳುವ ನಾವಲ್ಲ, ಸಾಲ ತಂದು ಬಿತ್ತಿದವರು.

ಹಾಗೆಂದು ವಿಜ್ಞಾನದ ಮಾತಿಗೆ ಕಣ್ಣುಮುಚ್ಚಿ ತಲೆಯಾಡಿಸಲು ಕಾಸರಗೋಡಿನವರಾದ ನಮ್ಮಿಂದ ಆಗದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದೂ ಬೆಳೆಯನ್ನು ಉಳಿಸುವ ಹೆಸರಿನಲ್ಲೇ. ಕೆಳಗೆ ಎಣ್ಮಕಜೆಯಲ್ಲಿ, ಪಡ್ರೆಯಲ್ಲಿ ಮನೆಗಳಿದ್ದವು, ನೀರು ಹರಿಯುವ ತೋಡುಗಳಿದ್ದವು. ಅಲ್ಲಿಯವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ತಡೆಯೊಡ್ಡುವ ಹೊತ್ತಿಗೆ ಒಂದು ತಲೆಮಾರು ನೋವುಂಡಿತ್ತು. ಕುಲಾಂತರಿ ಬೀಜ ವಿಷವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಅಂದು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಇಂದು ಕೇಳಲೇಬೇಕು. ನಿರ್ಧರಿಸುವವರು ಯಾರು? ಎಡವಟ್ಟಾದರೆ ಹೊರೆ ಹೊರುವವರು ಯಾರು?

ನೆಲಗಡಲೆಯದು ಬಹುಪಾಲು ಸ್ವಕೀಯ ಪರಾಗಸ್ಪರ್ಶ; ರೈತ ತನ್ನ ಬೆಳೆಯಿಂದಲೇ ಬೀಜ ತೆಗೆದಿಟ್ಟುಕೊಳ್ಳಬಲ್ಲ. 2001ರ ಕಾಯಿದೆ ಆ ಹಕ್ಕನ್ನು ಅವನಿಗೆ ಕೊಟ್ಟಿದೆ. ಹೊಸ ಬೀಜ ಬಂದರೂ ಆ ಹಕ್ಕು ಉಳಿಯಬೇಕು. ಪರೀಕ್ಷೆಯ ಫಲಿತಾಂಶ ಅವನ ಭಾಷೆಯಲ್ಲಿ ಅವನ ಕೈಸೇರಬೇಕು. ತಮ್ಮ ಭಾಷೆಯಲ್ಲಿರದ ಸರಕಾರಿ ಕಾಗದ ಹಿಡಿದು ನಿಂತವನ ಅಸಹಾಯಕತೆ ಗಡಿನಾಡಿನವರಿಗೆ ಹೊಸತಲ್ಲ.

ಇನ್ನೊಂದು ಮಾತು. ರೋಗದ ಬೇರು ಬದುವಿನಲ್ಲಿದೆ, ಮಾರ್ಗದ ಬದಿಯ ಪಾಳುನೆಲದಲ್ಲಿದೆ. ಹೂಬಿಡುವ ಮೊದಲೇ ಕಾಂಗ್ರೆಸ್ ಗಿಡ ಕಿತ್ತರೆ, ಹೊಲದ ಸುತ್ತ ನಾಲ್ಕು ಸಾಲು ಜೋಳ ಬಿತ್ತಿದರೆ ರೋಗ ತಗ್ಗುತ್ತದೆ. ಆದರೆ ಅದು ಒಬ್ಬನ ಕೆಲಸವಲ್ಲ, ನೆರೆಯವನೂ ಕೀಳಬೇಕು, ಪಂಚಾಯತೂ ಕೀಳಿಸಬೇಕು. ಒಳ್ಳೆಯ ಬೀಜ ಸಿಕ್ಕಿತೆಂದು ಈ ನೆರೆಹೊರೆಯ ಹೊಣೆಯನ್ನು ನಾವು ಕೈಬಿಟ್ಟರೆ, ಮುಂದಿನ ವೈರಸ್ ಬಂದಾಗ ರೈತ ಮತ್ತೆ ಒಂಟಿಯಾಗಿಯೇ ನಿಂತಿರುತ್ತಾನೆ.